ಮುದ್ದಮ್ಮ ಓದಿಸಿದ ಮುಯ್ಯಿ

ಮುದ್ದಮ್ಮ ಕೂತಲ್ಲಿ ಕೂರುವವಳಲ್ಲ. ಅರಕಲಗೂಡಿನ ಸರ್ಕಾರಿ ಆಸ್ಪತ್ರೆಗೆ ಮಿಡ್‌ವೈಫ್ ಆಗಿ ಬಂದ ಒಂಬತ್ತು ವರ್ಷದಲ್ಲಿ ಅವಳು ನೆಮ್ಮದಿಯಾಗಿ ಕೂತು ಉಂಡದ್ದನ್ನು ಕಂಡವರಿಲ್ಲ. ಮುದ್ದೆಯ ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತೇ ಉಣ್ಣುತ್ತಿದ್ದಳು, ಯಾರಾದರೂ ಗಾಡಿ ಕಟ್ಟಿಕೊಂಡು ಬರುತ್ತಾರೇನೋ ಎಂದು ದಾರಿ ನೋಡುತ್ತಾ. 1952ರ ಆಗಸ್ಟ್ ತಿಂಗಳ ಒಂದು ಸೋಮವಾರ ಅವಳ ಹೆಸರಿಗೆ ಹಾಸನದಿಂದ ಒಂದು ಕಾಗದ ಬಂತು. ಅವಳಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ. ಅದಕ್ಕೇ ಲಕೋಟೆ ಕೈಗೆ ಬಂದಾಗ ಹೊರರೋಗಿಗಳ ಬೆಂಚಿನ ಮೇಲೆ ಕೂತಳು, ಕೂತವಳು ತಕ್ಷಣ ಎದ್ದಳು.

ಕಾಗದ ಇಂಗ್ಲಿಷಿನಲ್ಲಿತ್ತು. ಔಷಧಿ ಕೊಡುವ ಕಿಟಕಿಯ ಹಿಂದೆ ಇದ್ದ ಕಾಂಪೌಂಡರ್ ಕೃಷ್ಣಪ್ಪ ಕನ್ನಡಕ ಏರಿಸಿಕೊಂಡು ಓದತೊಡಗಿದ.

"ಏನಂತಣ್ಣ?"

"ಒಂದ್ ಗಳಿಗೆ ನಿಂತ್ಕೊ ಮುದ್ದಮ್ಮ. ನೀನು ಅತ್ಲಾಗಿತ್ಲಾಗೆ ಓಡಾಡ್ತಿದ್ರೆ ನಂಗೆ ಅಕ್ಸರವೇ ಕಾಣಾಕಿಲ್ಲ." ಮತ್ತೆ ಮೊದಲಿನಿಂದ ಓದಿ, ಕಾಗದ ಇಳಿಸಿ ಅವಳ ಮುಖ ನೋಡಿದ. "ನೀನು ಎಲೆಕ್ಷನ್ನಿಗೆ ದುಡ್ಡು ಕೊಟ್ಟಿದ್ದೀಯಂತೆ?"

"ಯಾವ ಎಲೆಕ್ಷನ್ನು?"

"ಇನ್ಯಾವ್ದು, ಸಂಕ್ರಾಂತಿ ಕಾಲ್ದಲ್ಲಿ ಆಯ್ತಲ್ಲ ಅದೇ. ರಾಮಣ್ಣಗೌಡ್ರಿಗೆ ಹನ್ನೊಂದು ರೂಪಾಯಿ."

"ಅದು ಎಲೆಕ್ಷನ್ನಿಗೆ ಕೊಟ್ಟದ್ದಲ್ಲ ಕಣಣ್ಣ. ಮುಯ್ಯಿ."

"ಇಲ್ಲಿ ಮುಯ್ಯಿ ಅಂತ ಬರ್ದಿಲ್ಲವ್ವ, ವಂತಿಗೆ ಅಂತ ಬರ್ದವ್ರೆ. ಸರ್ಕಾರಿ ನೌಕರರು ರಾಜಕೀಯದೋರ್ಗೆ ಕಾಸು ಕೊಡೋ ಅಂಗಿಲ್ಲ, ಅದು ರೂಲು. ಅದಿನೈದು ದಿವ್ಸದೊಳ್ಗೆ ಹಾಸನ್ದ ಆಫೀಸ್ಗೆ ಓಗಿ ಸಮಜಾಯಿಷಿ ಕೊಡ್ಬೇಕು. ನಿನ್ನ ಕೆಲ್ಸದಿಂದ ಯಾಕೆ ತೆಗೀಬಾರ್ದು ಅಂತ ಕೇಳವ್ರೆ."

ಮುದ್ದಮ್ಮ ಕಾಗದವನ್ನು ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಒಳಗೆ ಹೋಗಿ, ಬೆಳಗ್ಗೆ ಕುದಿಸಿಟ್ಟಿದ್ದ ಇಕ್ಕಳ ಕತ್ತರಿಗಳನ್ನು ಮತ್ತೊಮ್ಮೆ ಕುದಿಯಲು ಹಾಕಿದಳು.

ಆ ಕೆಲಸ ಹೋದರೆ ಏನಾಗುತ್ತದೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೊರವಂಗಲದ ಪಕ್ಕದ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿದವಳು. ಹದಿನಾಲ್ಕಕ್ಕೆ ಮದುವೆ, ಹತ್ತೊಂಬತ್ತಕ್ಕೆ ವಿಧವೆ, ಕಂಕುಳಲ್ಲಿ ಒಂದು ಹೆಣ್ಣುಮಗು. ಎರಡು ವರ್ಷ ಒಡೆಯರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದಳು. ಹಾಸನದ ಮಿಷನ್ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದವಳನ್ನು ಅಲ್ಲಿನ ಡಾಕ್ಟರಮ್ಮ ಹೆರಿಗೆ ಕೋಣೆಗೆ ಕರೆದುಕೊಂಡರು. ಅಲ್ಲಿ ಅಕ್ಷರ ಕಲಿತಳು, ನಾಡಿ ಹಿಡಿಯುವುದನ್ನು ಕಲಿತಳು, ಪರೀಕ್ಷೆ ಕಟ್ಟಿ ಸರ್ಕಾರಿ ಕೆಲಸ ಹಿಡಿದಳು. ಅವಳ ಕೇರಿಯಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲ ಕೈ ಅವಳದು. ಐವತ್ತೆರಡು ರೂಪಾಯಿಯಲ್ಲಿ ಮುದಿ ತಾಯಿ ಮತ್ತು ಸತ್ತ ಅಣ್ಣನ ಎರಡು ಮಕ್ಕಳು ಬದುಕುತ್ತಿದ್ದರು. ಕೆಲಸ ಹೋದರೆ ಅವಳಿಗೆ ತೆರೆದಿದ್ದ ಬಾಗಿಲು ಮತ್ತೆ ಆ ಕೊಟ್ಟಿಗೆಯದೇ.

ಆ ಹನ್ನೊಂದು ರೂಪಾಯಿಯ ಸಂಗತಿ ಹೀಗಿತ್ತು.

ಹೊಳೆನರಸೀಪುರದ ಆಚೆ, ಹೇಮಾವತಿಯ ದಂಡೆಯ ಹಳ್ಳಿಯೊಂದರ ದೊಡ್ಡ ಹಿಡುವಳಿದಾರ ರಾಮಣ್ಣಗೌಡ. ಅವನ ಹೆಂಡತಿ ಕಾಮಾಕ್ಷಮ್ಮನ ತವರು ಅರಕಲಗೂಡಿನ ಹತ್ತಿರ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಮಗು ಕಾಲು ಮುಂದಾಗಿ ಬಂತು. ಮುದ್ದಮ್ಮ ಒಂದು ಹಗಲೆಲ್ಲ ಒದ್ದಾಡಿ ಎರಡು ಜೀವವನ್ನೂ ಉಳಿಸಿದಳು. ಆ ಒಂದು ದಿನ ಅವಳು ಆ ಮನೆಯ ನಡುಮನೆ ದಾಟಿ ಒಳಕೋಣೆಯವರೆಗೆ ಹೋದಳು. ಮಾರನೆಯ ದಿನ ಬಾಣಂತಿಯನ್ನು ನೋಡಲು ಹೋದಾಗ ಜಗಲಿಯಲ್ಲೇ ನಿಲ್ಲಿಸಿದರು. ಇದು ಎಲ್ಲ ಮನೆಗಳಲ್ಲೂ ಆಗುತ್ತಿದ್ದದ್ದೇ, ಮುದ್ದಮ್ಮ ಅದನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ಹೆರಿಗೆ ನೋವು ಬಂದಾಗ ಮಡಿ ಎಲ್ಲಿ ಹೋಗಿರುತ್ತದೆ ಎಂದು ಒಮ್ಮೆ ಕೃಷ್ಣಪ್ಪನನ್ನು ಕೇಳಿದ್ದಳು. ಅವನು ನಕ್ಕಿದ್ದ.

ಮರುವರ್ಷ, 1950ರ ವೈಶಾಖದಲ್ಲಿ ಮುದ್ದಮ್ಮನ ಮಗಳು ಪಾರ್ವತಮ್ಮನ ಮದುವೆ ತವರು ಕೇರಿಯಲ್ಲಿ ನಡೆಯಿತು. ಆ ಸೀಮೆಯ ಮದುವೆಗಳಲ್ಲಿ ಧಾರೆ ಮುಗಿದ ಮೇಲೆ ಚಪ್ಪರದಲ್ಲಿ ಒಬ್ಬ ಪುಸ್ತಕ ಹಿಡಿದು ಕೂರುತ್ತಾನೆ. ಬಂದವರು ಒಬ್ಬೊಬ್ಬರಾಗಿ ಮುಯ್ಯಿ ಕೊಡುತ್ತಾರೆ, ಅವನು ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿ ಬರೆದುಕೊಳ್ಳುತ್ತಾನೆ. ಅದಕ್ಕೇ ಕೊಡುವುದಕ್ಕೆ ಓದಿಸುವುದು ಎಂದೇ ಹೆಸರು. ಓದಿಸಿದವರ ಮನೆಯಲ್ಲಿ ಕಾರ್ಯವಾದಾಗ ಇವರು ಹೋಗಿ ಅಷ್ಟನ್ನು, ಮೇಲೊಂದು ಸೇರಿಸಿ, ಹಿಂದಕ್ಕೆ ಓದಿಸಬೇಕು. ಇದು ಸರೀಕರ ನಡುವೆ ಮಾತ್ರ ನಡೆಯುವ ವ್ಯವಹಾರ. ಕೇರಿಯ ಮದುವೆಗೆ ಗೌಡರು ಒಂದು ಪಲ್ಲ ರಾಗಿ ಕಳಿಸಿಯಾರು, ಹಳೇ ಸೀರೆ ಕಳಿಸಿಯಾರು. ಅದು ಕೊಡುಗೆ, ಅದನ್ನು ಹಿಂದಿರುಗಿಸುವ ಮಾತಿಲ್ಲ, ಅದನ್ನು ಕೂಗುವುದೂ ಇಲ್ಲ. ಮುಯ್ಯಿಯನ್ನು ಅವರು ಯಾವತ್ತೂ ಓದಿಸಿದ್ದಿಲ್ಲ.

ರಾಮಣ್ಣಗೌಡ ಓದಿಸಿದ. ಕಾರಿನಲ್ಲಿ ಬಂದು, ಚಪ್ಪರದೊಳಗೆ ಬಗ್ಗಿ ನಿಂತು, ಹತ್ತು ರೂಪಾಯಿಯ ನೋಟು ಹಿಡಿದು ತನ್ನ ಹೆಸರು ಕೂಗಿಸಿದ. ಕೇರಿಯೆಲ್ಲ ಉಸಿರು ಬಿಗಿಹಿಡಿದು ನೋಡಿತು. ಮುದ್ದಮ್ಮನ ತಾಯಿ ಅತ್ತಳು. ಮುದ್ದಮ್ಮ ಅಳಲಿಲ್ಲ, ಆದರೆ ಅಂದಿನಿಂದ ಒಂದು ಮುಳ್ಳು ಒಳಗೆ ಸೇರಿಕೊಂಡಿತು. ತೀರಿಸುವುದು ಯಾವಾಗ? ಅವನಿಗೆ ಇದ್ದದ್ದು ಒಂದು ವರ್ಷದ ಕೂಸು. ಅದು ದೊಡ್ಡದಾಗಿ, ಮದುವೆಯಾಗಿ, ಚಪ್ಪರ ಹಾಕುವ ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ. ತೀರಿಸದ ಮುಯ್ಯಿ ಮತ್ತೆ ಕೊಡುಗೆಯೇ ಆಗಿಬಿಡುತ್ತದಲ್ಲ.

1951ರ ಡಿಸೆಂಬರಿನಲ್ಲಿ, ಕಾಮಾಕ್ಷಮ್ಮನ ಕೂಸಿಗೆ ಕೆಮ್ಮು ಎಂದು ಕರೆಸಿಕೊಂಡಿದ್ದರಿಂದ ಮುದ್ದಮ್ಮ ಆ ಮನೆಗೆ ಹೋದಳು. ಅಂಗಳದ ತುಂಬ ಜನ. ಚಪ್ಪರ ಹಾಕಿದ್ದರು. ನಡುವೆ ಗಂಗಾಧರಯ್ಯ ಪುಸ್ತಕ ಹಿಡಿದು ಕೂತಿದ್ದರು. ಅವರು ಹೊಳೆನರಸೀಪುರದ ನಿವೃತ್ತ ಹೆಡ್‌ಮಾಸ್ತರು. ಮೂವತ್ತು ವರ್ಷದಿಂದ ತಾಲ್ಲೂಕಿನ ದೊಡ್ಡ ಮದುವೆಗಳ ಮುಯ್ಯಿ ಬರೆಯುತ್ತಿದ್ದವರು ಅವರೇ, ಅವರ ಪುಸ್ತಕದಲ್ಲಿ ಒಂದು ಕಾಸು ಆಚೀಚೆ ಆದದ್ದಿಲ್ಲ. ರಾಮಣ್ಣಗೌಡ ಚುನಾವಣೆಗೆ ಸ್ವತಂತ್ರನಾಗಿ ನಿಂತಾಗ ಅವರನ್ನೇ ತನ್ನ ಏಜೆಂಟರನ್ನಾಗಿ ಮಾಡಿಕೊಂಡಿದ್ದ. ದೇಶಕ್ಕೇ ಮೊದಲ ಚುನಾವಣೆ, ಹಣ ಕೂಡಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಗಂಗಾಧರಯ್ಯನವರಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಚಪ್ಪರ, ಪುಸ್ತಕ, ಕೂಗು. ನೆಂಟರು, ಇಷ್ಟರು, ಸುತ್ತಮುತ್ತಲಿನ ಗೌಡರು ಸಾಲಾಗಿ ನಿಂತು ಓದಿಸುತ್ತಿದ್ದರು.

ಮುದ್ದಮ್ಮ ಕೂಸಿನ ಎದೆಗೆ ಕಿವಿಯಿಟ್ಟು ನೋಡಿ, ಹೊರಬಂದು, ಸೊಂಟದ ಸಂಚಿಯಿಂದ ಹನ್ನೊಂದು ರೂಪಾಯಿ ತೆಗೆದಳು. ತಿಂಗಳ ಮೊದಲ ವಾರವಾದ್ದರಿಂದ ಸಂಬಳ ಜೊತೆಗೇ ಇತ್ತು. ಗಂಗಾಧರಯ್ಯ ಒಂದು ಸಲ ತಲೆಯೆತ್ತಿ ನೋಡಿ, ಎಲ್ಲರಿಗೂ ಕೂಗಿದ ಧ್ವನಿಯಲ್ಲೇ ಕೂಗಿದರು: "ಅರಕಲಗೂಡು ಮುದ್ದಮ್ಮನವರು, ಹನ್ನೊಂದು ರೂಪಾಯಿ!"

ಮೂವತ್ತೆಂಟು ವರ್ಷದಲ್ಲಿ ಅವಳ ಹೆಸರಿಗೆ ಯಾರೂ 'ನವರು' ಎಂಬ ಆ ಗೌರವದ ತುಂಡನ್ನು ಸೇರಿಸಿರಲಿಲ್ಲ. ಜನ ತಿರುಗಿ ನೋಡಿದರು. ಮುದ್ದಮ್ಮ ಹಿಂದಿರುಗಿ ನೋಡದೆ ಬಸ್ಸಿಗೆ ಹೋದಳು.

ಆಮೇಲೆ ರಾಮಣ್ಣಗೌಡ ಮುನ್ನೂರು ಚಿಲ್ಲರೆ ಮತಗಳಿಂದ ಸೋತ. ಸೋತವನೂ ಲೆಕ್ಕ ಒಪ್ಪಿಸಬೇಕು. ಯಾರಿಂದ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಬರೆದು, ಮ್ಯಾಜಿಸ್ಟ್ರೇಟರ ಎದುರು ಪ್ರಮಾಣ ಮಾಡಿ ಸಲ್ಲಿಸಬೇಕೆಂದು ಹೊಸ ಕಾನೂನು ಹೇಳುತ್ತಿತ್ತು. ಬೇರೆಯವರು 'ಸ್ವಂತ ಹಣ' ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡರು. ಗಂಗಾಧರಯ್ಯ ಇನ್ನೂರ ಹದಿನೇಳು ಹೆಸರನ್ನು ದುಂಡಗೆ ನಕಲು ಮಾಡಿದರು. ಒಂದು ರೂಪಾಯಿ ಫೀಸು ಕಟ್ಟಿದವರು ಯಾರು ಬೇಕಾದರೂ ಆ ಲೆಕ್ಕವನ್ನು ನೋಡಬಹುದಾಗಿತ್ತು. ಗೆದ್ದವನ ಕಡೆಯವನೊಬ್ಬ ಕಟ್ಟಿ ನೋಡಿದ. ಅವನು ಹುಡುಕಿದ್ದು ಖರ್ಚಿನ ತಪ್ಪನ್ನು, ಸಿಕ್ಕಿದ್ದು ನಾಲ್ವರು ಸರ್ಕಾರಿ ನೌಕರರ ಹೆಸರು. ಸಹಿಯಿಲ್ಲದ ಅರ್ಜಿಯೊಂದು ಹಾಸನಕ್ಕೆ ಹೋಯಿತು.

ಮಂಗಳವಾರ ಬೆಳಗಿನ ಬಸ್ಸಿಗೇ ಮುದ್ದಮ್ಮ ಹೊಳೆನರಸೀಪುರಕ್ಕೆ ಹೋದಳು. ಗಂಗಾಧರಯ್ಯ ಕೋಟೆ ಬೀದಿಯ ಮನೆಯ ಮುಂದೆ ನಶ್ಯ ಏರಿಸುತ್ತಾ ಕೂತಿದ್ದರು.

"ಏನ್ ಮೇಷ್ಟ್ರೇ, ನನ್ನ ಎಸ್ರ ಎಲ್ಲೆಲ್ಲೋ ಬರ್ದ್ಬುಟ್ಟಿದ್ದೀರಂತೆ?"

"ಎಲ್ಲೆಲ್ಲೋ ಯಾಕಮ್ಮ? ನೂರಾ ನಲವತ್ತೊಂದನೇ ನಂಬರು. ಬಾಯಲ್ಲೇ ಹೇಳ್ತೀನಿ ಬೇಕಾದ್ರೆ."

"ನಾನು ಮುಯ್ಯಿ ಓದ್ಸಿದ್ದು!"

"ಎಲ್ಲರೂ ಓದಿಸಿದ್ದೇ. ಫಾರಮ್ಮಿನಲ್ಲಿ ಮುಯ್ಯಿಗೆ ಕಾಲಮ್ಮಿಲ್ಲ. ಹಣ ಯಾರಿಂದ ಬಂತು ಅಂತ ಕೇಳಿತ್ತು, ಬರೆದೆ. ಬಿಟ್ಟಿದ್ದರೆ ಸುಳ್ಳು ಲೆಕ್ಕ ಆಗ್ತಿತ್ತು. ನಾನು ಜನ್ಮದಲ್ಲಿ ಒಂದು ಹೆಸರು ಬಿಟ್ಟವನಲ್ಲ."

"ಸರ್ಕಾರಿ ನೌಕ್ರಿಯೋರು ಕೊಡಬಾರ್ದು ಅಂತ ಅವತ್ತೇ ಯೋಳ್ಬಾರ್ದಾ?"

ಗಂಗಾಧರಯ್ಯ ನಶ್ಯದ ಡಬ್ಬಿ ಮುಚ್ಚಿದರು. "ಕೊಡುವವರ ರೂಲು ನನಗೆ ಗೊತ್ತಿರಲಿಲ್ಲ ತಾಯಿ. ತಗೊಳ್ಳುವವರ ರೂಲನ್ನು ಮಾತ್ರ ಓದಿಕೊಂಡಿದ್ದೆ. ಅದು ನನ್ನ ತಪ್ಪು." ಧ್ವನಿ ತಗ್ಗಿಸಿದರು. "ನೋಡು, ಉಳಿದ ಮೂವರಿಗೂ ಇದೇ ಕಾಗದ ಬಂದಿತ್ತು, ಇಬ್ಬರು ಮಾಸ್ತರು, ಒಬ್ಬ ಫಾರೆಸ್ಟ್ ಗಾರ್ಡು. ಆ ಹೆಸರಿನವನು ನಾನಲ್ಲ ಅಂತ ಬರೆದುಕೊಟ್ಟರು, ಫೈಲು ಮುಚ್ಚಿತು. ನಿನ್ನದೂ ಹಾಗೇ. ನಾನು ಬರೆದಿರೋದು 'ಅರಕಲಗೂಡು ಮುದ್ದಮ್ಮ' ಅಂತಷ್ಟೇ. ಆಸ್ಪತ್ರೆ ಅಂತ ಬರೆದಿಲ್ಲ. ಅರಕಲಗೂಡಿನಲ್ಲಿ ಮುದ್ದಮ್ಮಂದಿರಿಗೆ ಬರವಾ?"

"ಅಂಗಾರೆ ನಾನು ಕೊಟ್ಟೇ ಇಲ್ಲ ಅಂತ ಆಯ್ತದಲ್ಲ."

"ಆಗುತ್ತೆ. ಕೆಲಸ ಉಳಿಯುತ್ತೆ."

ಅವಳು ಅಲ್ಲಿಂದ ರಾಮಣ್ಣಗೌಡನ ಹಳ್ಳಿಗೆ ನಡೆದೇ ಹೋದಳು. ಗಾಡಿ ಕೇಳಿದ್ದರೆ ಸಿಗುತ್ತಿತ್ತು, ಆದರೆ ಗಾಡಿಯಲ್ಲಿ ಕೂರಬೇಕಲ್ಲ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕ. ಗೌಡರು ಒಂದು ಮಾತು ಬರೆದುಕೊಟ್ಟರೆ ಸಾಕು, ಇದು ಮುಯ್ಯಿ, ನಾನು ಓದಿಸಿದ್ದಕ್ಕೆ ಇವಳು ತೀರಿಸಿದ್ದು, ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ ಎಂದು. ಸುಳ್ಳು ಹೇಳುವ ಪ್ರಮೇಯವೇ ಇಲ್ಲ.

ರಾಮಣ್ಣಗೌಡ ಜಗಲಿಯಲ್ಲಿ ಮಂಚದ ಮೇಲಿದ್ದ. ಅವಳನ್ನು ಕಂಡು ನಗುತ್ತಲೇ ಎದ್ದು ಕೂತ. "ಬಾ ಮುದ್ದಮ್ಮ. ಮೇಷ್ಟ್ರು ಆಗ್ಲೇ ಸೈಕಲ್ನಾಗೆ ಆಳು ಕಳ್ಸಿ ಯೋಳ್ದ್ರು ಕಣ. ಭಯಪಡಬ್ಯಾಡ, ನಮ್ಮ ಗದ್ದೆ ಕೆಲ್ಸಕ್ಕೆ ಬರೋಳೊಬ್ಳು ಮುದ್ದಿ ಅವ್ಳೆ, ಅವ್ಳ ತವ್ರೂ ಅರಕಲಗೂಡೇ. ಅವ್ಳ ಕೈಲಿ ಎಬ್ಬೆಟ್ಟು ಒತ್ತುಸ್ಬುಡ್ತೀನಿ, ಕೊಟ್ಟೋಳು ನಾನೇ ಅಂತ."

"ಎಂಟಾಣೆ ಕೂಲಿಯೋಳು ಅನ್ನೊಂದು ರೂಪಾಯಿ ಕೊಟ್ಳು ಅಂದ್ರೆ ಯಾರು ನಂಬ್ತಾರೆ ಗೌಡ್ರೇ?"

"ನಂಬೋದು ಯಾರ್ಗೆ ಬೇಕು? ಅವ್ರಿಗೆ ಬೇಕಾಗಿರೋದು ಒಂದು ಕಾಗ್ದ."

ಅವಳು ದಾರಿಯಲ್ಲಿ ಹೊಂದಿಸಿಕೊಂಡು ಬಂದದ್ದನ್ನು ಹೇಳಿದಳು. ಅವನು ಪೂರಾ ಕೇಳಿಸಿಕೊಂಡ. ಆಮೇಲೆ ತಲೆಯಾಡಿಸಿದ.

"ಆಗಾಕಿಲ್ಲ. ಅದು ಮುಯ್ಯಿ ಅಂತ ನಾನು ಬರ್ದುಕೊಟ್ರೆ, ಪರ್ಮಾಣ ಮಾಡಿ ಕೊಟ್ಟ ಲೆಕ್ಕ ಸುಳ್ಳಾಯ್ತದೆ. ಮುಂದಿನ ಸಲ ನಿಲ್ಲೋ ಅಂಗೇ ಇಲ್ಲ. ಅದ್ಕೇ ಇನ್ನೂ ಐದು ವರ್ಸ ಕಾಯ್ಬೇಕು ಕಣವ್ವ ನಾನು."

"ನಂದು ಕೆಲ್ಸ ಓಯ್ತದೆ."

"ಅದ್ಕೇ ಯೋಳ್ತಿರಾದು, ನಾನಲ್ಲ ಅನ್ನು ಅಂತ. ಬಾಯಲ್ಲಿ ಮೂರಕ್ಸರ."

"ನಾನಲ್ಲ ಅಂದ್ರೆ, ನಿಮ್ ಮುಯ್ಯಿ ಯಾರು ತೀರ್ಸಿದಂಗಾಯ್ತು?"

ರಾಮಣ್ಣಗೌಡ ಗಟ್ಟಿಯಾಗಿ ನಕ್ಕ. ಅದರಲ್ಲಿ ಕೇಡು ಇರಲಿಲ್ಲ. ಮಕ್ಕಳ ಮಾತಿಗೆ ನಗುವ ನಗು ಅದು. "ಅಯ್ಯೋ ನಿನ್ನ! ಆ ಅತ್ತು ರೂಪಾಯ್ನ ನಾನು ಮುಯ್ಯಿ ಅಂತ ಇಟ್ಕೊಂಡೇ ಇಲ್ಲ ಬುಡು. ಆಗ್ಲೇ ಎಲ್ರಿಗೂ ಓಟು ಬತ್ತದೆ ಅಂತ ಸುದ್ದಿ ಇತ್ತು, ಕೇರಿಗಳಲ್ಲಿ ಒಂದು ಎಸ್ರಾಗ್ಲಿ ಅಂತ ಓದ್ಸಿದ್ದೆ. ನಿಮ್ಮೋರ ತಾವಿಂದ ಮುಯ್ಯಿ ವಾಪಸ್ ಇಸ್ಕೊಳೋರು ಯಾರಾರ ಅವ್ರಾ?"

ಮುದ್ದಮ್ಮ ಜಗಲಿಯ ಕೆಳಗೆ ನಿಂತಿದ್ದಳು. ಅವನು ಓದಿಸಿದ್ದು ಓಟಿಗೆ, ಅದನ್ನು ಯಾವ ರೂಲೂ ಕೇಳಲಿಲ್ಲ. ತಾನು ಓದಿಸಿದ್ದು ಮರ್ಯಾದೆಗೆ, ಅದಕ್ಕೆ ಹಾಸನದಿಂದ ಕಾಗದ ಬಂದಿದೆ. ಇಷ್ಟು ಅವಳಿಗೆ ಹೊಳೆಯಿತು. "ಬತ್ತೀನಿ ಗೌಡ್ರೇ" ಎಂದಳು.

ಹಿತ್ತಲ ಬಾಗಿಲಲ್ಲಿ ಕಾಮಾಕ್ಷಮ್ಮ ಅವಳನ್ನು ತಡೆದಳು. "ಮುದ್ದಮ್ಮ, ಅವತ್ತು ನಿನ್ನ ಎಸ್ರು ಕೂಗಿದ್ದ ನಾನು ಒಳಗಿಂದ ಕೇಳಿಸ್ಕೊಂಡೆ ಕಣೆ. ಎಲ್ಲಾ ಎಂಗಸ್ರೂ ಕೇಳಿಸ್ಕೊಂಡ್ರು. ನಮ್ಮತ್ತೆ ಅನಸೂಯಮ್ಮ ಅಂತೂ, ಅಲೆಲೆಲೆ, ಇವಳ ಗತ್ತು ನೋಡ್ರೇ ಅಂದ್ರು."

"ಬಂದು ಹಾಸನ್ದಲ್ಲಿ ಯೋಳ್ತೀಯೇನವ್ವ?"

ಕಾಮಾಕ್ಷಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನಾನು ಈ ಒಸ್ಲು ದಾಟಿ ಕಚೇರಿಗೆ ಬರೋದಾ?"

"ಅದಕ್ಕೇ ಕೇಳ್ದೆ," ಎಂದು ಮುದ್ದಮ್ಮ ಹೊರಟಳು.

ವಿಚಾರಣೆಗೆ ಹನ್ನೊಂದು ದಿನ ಇತ್ತು. ಆ ದಿನಗಳಲ್ಲಿ ಅವಳು ಯಾರಿಗೂ ಹತ್ತಿರ ನಿಲ್ಲಲಾಗದಂತೆ ಇದ್ದಳು. ಅಂಚೆ ಮನೆಗೆ ದಿನಕ್ಕೆ ಎರಡು ಸಲ ಹೋಗುವಳು. ಒಗೆದ ಬಟ್ಟೆಯನ್ನೇ ಒಗೆಯುವಳು. ಎರಡು ಹೆರಿಗೆ ಆದವು, ಎರಡರಲ್ಲೂ ಕೈ ಮಾತ್ರ ಸ್ಥಿರವಾಗಿತ್ತು. ಮಗು ಹೊರಬಂದು ಅತ್ತ ಕೂಡಲೇ ಮತ್ತೆ ಕಾಲು ಕುಣಿಯುತ್ತಿತ್ತು. ಊರಿಗೆ ಹೋಗಿ ತಾಯಿಗೆ ಹೇಳಿದಳು. ತಾಯಿಗೆ ರೂಲು ಅರ್ಥವಾಗಲಿಲ್ಲ, ಅರ್ಥವಾದದ್ದು ಒಂದೇ. "ಗೌಡ್ರು ನಾನಲ್ಲ ಅನ್ನು ಅಂದವ್ರೆ ತಾನೇ? ಅಂಗೇ ಅನ್ನು ಮಗ. ಬುದ್ಧಿಯೋರು ಯೋಳಿದ್ದ ಮೀರಬ್ಯಾಡ. ಈ ಮಕ್ಳು ಮಕ ನೋಡು." ಅಣ್ಣನ ಮಕ್ಕಳು ಗೋಡೆಗೊರಗಿ ನಿಂತಿದ್ದವು, ಎರಡಕ್ಕೂ ಅಂಗಿ ಇತ್ತು. ಕೇರಿಯಲ್ಲಿ ಎಲ್ಲ ಮಕ್ಕಳಿಗೂ ಇರಲಿಲ್ಲ.

ಕೃಷ್ಣಪ್ಪನೂ ಅದನ್ನೇ ಹೇಳಿದ. "ನಾನು ನಿನ್ನ ಜಾಗ್ದಾಗಿದ್ದಿದ್ರೆ ಕಾಗ್ದ ಬಂದ್ ದಿವ್ಸವೇ ಬರ್ದು ಬಿಸಾಕ್ತಿದ್ದೆ."

"ನಿನ್ನ ಎಸ್ರ ದಿವ್ಸಾ ಕೂಗ್ತಾರೆ ಕಣಣ್ಣ," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆದರೂ ಅವಳು ಕೇಳಿದ್ದಕ್ಕೆ, 'ಆ ಮುದ್ದಮ್ಮ ನಾನಲ್ಲ' ಎಂದು ಎರಡು ಸಾಲಿನ ಕಾಗದವನ್ನು ಬರೆದುಕೊಟ್ಟ. ಸಹಿ ಮಾಡುವ ಜಾಗ ಖಾಲಿ ಬಿಟ್ಟ. ಅದನ್ನು ಅವಳು ಮಡಿಸಿ ಕುಪ್ಪಸದೊಳಗಿಟ್ಟುಕೊಂಡಳು. ಸಹಿ ಮಾಡುವುದಿಲ್ಲವೆಂದು ಅವಳು ಆಗಲೇ ತೀರ್ಮಾನಿಸಿದ್ದಳೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹೊಳೆನರಸೀಪುರದಲ್ಲಿ ರೈಲು ಹತ್ತಿದಾಗಲೂ ಅವಳಿಗೆ ಗೊತ್ತಿರಲಿಲ್ಲ. ಮಾವಿನಕೆರೆಯಲ್ಲಿ ಸಹಿ ಮಾಡುವುದೇ ಸರಿಯೆಂದು ಕಂಡಿತು. ಹಾಸನದಲ್ಲಿ ಇಳಿದಾಗ ಮತ್ತೆ ಗೊತ್ತಿರಲಿಲ್ಲ.

ಕಚೇರಿಯ ಮೊಗಸಾಲೆಯಲ್ಲಿ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಕಾದಳು. ಬೆಂಚು ಇತ್ತು, ಕೂರಲಿಲ್ಲ. ಈ ತುದಿಯಿಂದ ಆ ತುದಿಗೆ ಐವತ್ತೆರಡು ಹೆಜ್ಜೆ. ಜವಾನ ಬಂದು, "ಯಾಕಮ್ಮ, ನೆಲ ಸವೆಸ್ತಿದ್ದೀಯ? ಇದು ಸರ್ಕಾರದ್ದು ಕಣಮ್ಮ, ಬಿಲ್ ಕಳಿಸ್ತಾರೆ" ಎಂದ. ಅವಳಿಗೆ ನಗು ಬರಲಿಲ್ಲ.

ಜಿಲ್ಲಾ ವೈದ್ಯಾಧಿಕಾರಿ ಬಿಳಿ ಪೇಟದ, ಮೈಸೂರು ಕಡೆಯ ಮನುಷ್ಯ. ಕಿರುಕುಳ ಕೊಡುವವರಲ್ಲ. ಅವರ ಮುಂದೆ ರಾಮಣ್ಣಗೌಡನ ಪತ್ರವೂ ಕೂಲಿ ಮುದ್ದಿಯ ಹೆಬ್ಬೆಟ್ಟೂ ಆಗಲೇ ಇದ್ದವು.

"ಏನಮ್ಮ, ಇದು ಬೇರೆ ಯಾರೋ ಮುದ್ದಮ್ಮ ಅಂತ ಅವರೇ ಬರೆದಿದ್ದಾರೆ. ನಿನ್ನದೊಂದು ಹೇಳಿಕೆ ಕೊಟ್ಟರೆ ಮುಗಿಯಿತು. ತಂದಿದ್ದೀಯಾ?"

"ತಂದಿವ್ನಿ ಸಾ."

"ಕೊಡು."

ಮುದ್ದಮ್ಮ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಲೇಖನಿಯನ್ನು ಮಸಿಯಲ್ಲಿ ಅದ್ದಿ ಅವಳ ಕಡೆಗೆ ಚಾಚಿದರು. ಅವಳು ಹಿಡಿದುಕೊಂಡಳು. ಒಂದು ತೊಟ್ಟು ಮಸಿ ಕಾಗದದ ಮೇಲೆ ಬಿತ್ತು.

"ಆ ಮುದ್ದಿಗೆ ಇದ್ರಿಂದ ಏನಾದ್ರೂ ತೊಂದ್ರೆ ಆಯ್ತದಾ ಸಾ?"

"ಅವಳು ಸರ್ಕಾರಿ ನೌಕರಳಲ್ಲವಲ್ಲ. ಕೊಡಬಹುದು."

"ಅಂಗಾರೆ ಇನ್ಮೇಲೆ ಕೊಟ್ಟೋಳು ಅವ್ಳೇ ಅಂತ ಇರ್ತದೆ."

"ಹೌದು. ಅದಕ್ಕೇನು?"

ಅವಳು ಲೇಖನಿಯನ್ನು ಮಸಿಕುಡಿಕೆಯ ಪಕ್ಕದಲ್ಲಿಟ್ಟಳು. "ಕೊಟ್ಟೋಳು ನಾನು ಸಾ."

ಅಧಿಕಾರಿ ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. "ಏನು ಹೇಳ್ತಿದ್ದೀಯ ಗೊತ್ತೇನಮ್ಮ? ಒಪ್ಪಿಕೊಂಡರೆ ನಾನು ಸುಮ್ಮನಿರಲಾಗುವುದಿಲ್ಲ. ಕೆಲಸಕ್ಕೇ ಸಂಚಕಾರ ಬರುತ್ತೆ."

"ಗೊತ್ತು ಸಾ. ಗೊತ್ತಾಗೇ ಅನ್ನೊಂದು ದಿವ್ಸದಿಂದ ಅನ್ನ ಇಳಿದಿಲ್ಲ. ಆದ್ರೆ ನಾನು ಎಲೆಕ್ಷನ್ನಿಗೆ ಕೊಟ್ಟೋಳಲ್ಲ. ನನ್ನ ಮಗಳ ಮದ್ವೇಲಿ ಅವ್ರು ಅತ್ತು ರೂಪಾಯಿ ಓದ್ಸಿದ್ರು, ನಾನು ಅನ್ನೊಂದು ಓದ್ಸ್ದೆ. ಮೇಷ್ಟ್ರು ಒಂದೇ ಪುಸ್ತಕದಾಗೆ ಬರ್ಕೊಂಡ್ರು."

"ಎಲ್ಲರೂ ಹೀಗೇ ಹೇಳಬಹುದಲ್ಲ. ನೀನು ಅವರ ಕಡೆಯವಳಲ್ಲ ಅಂತ ಹೇಗೆ ನಂಬಲಿ?"

"ಸಾ, ನಾನು ಓಟು ಹಾಕಿದ್ದು ಇನ್ನೊಬ್ಬರ ಡಬ್ಬಿಗೆ."

ಅವರು ಬೆಚ್ಚಿದರು. "ಏಯ್, ಅದನ್ನು ಹೇಳಬಾರದಮ್ಮ! ಗುಟ್ಟು ಅದು."

"ನೀವು ಕೇಳಿದ್ರಿ. ನಮ್ ಕೇರೀಗೆ ಬಾವಿ ತೋಡುಸ್ತೀನಿ ಅಂದೋನು ಆ ಇನ್ನೊಬ್ಬ. ತೋಡ್ಸಿಲ್ಲ ಇನ್ನೂ, ಅದು ಬ್ಯಾರೆ ಮಾತು. ಗೌಡ್ರಿಗೆ ನಾನು ತೀರ್ಸ್ಬೇಕಾಗಿದ್ದು ಮುಯ್ಯಿ, ತೀರ್ಸ್ದೆ. ಓಟು ಅವ್ರಿಗೆ ತೀರ್ಸ್ಬೇಕಾಗಿರ್ಲಿಲ್ಲ."

ಅಧಿಕಾರಿ ಪೇಟ ತೆಗೆದು ಮೇಜಿನ ಮೇಲಿಟ್ಟು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ರಾಮಣ್ಣಗೌಡನ ಪತ್ರವನ್ನೂ ಹೆಬ್ಬೆಟ್ಟಿನ ಕಾಗದವನ್ನೂ ಎತ್ತಿ ಬದಿಗಿಟ್ಟರು. "ನೀನು ಕೂತುಕೋ ಮೊದಲು," ಎಂದರು. "ನಿಂತವರ ಹೇಳಿಕೆ ಬರೆದುಕೊಂಡು ನನಗೆ ಅಭ್ಯಾಸವಿಲ್ಲ."

ಮುದ್ದಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದಳು. ಅವರು ತಾವೇ ಬರೆದುಕೊಂಡರು. ಓಟಿನ ವಿಷಯ ಬರೆದುಕೊಳ್ಳಲಿಲ್ಲ. ಮುಗಿದ ಮೇಲೆ ಕನ್ನಡದಲ್ಲಿ ಓದಿ ಹೇಳಿದರು. ಅವಳು ತನ್ನ ಹೆಸರನ್ನು ಇಡೀ ಅಕ್ಷರಗಳಲ್ಲಿ ಬರೆದಳು.

"ರೂಲಿಗೆ ನಿಮ್ಮ ಮುಯ್ಯಿ ಗೊತ್ತಿಲ್ಲ," ಎಂದರು ಕೊನೆಗೆ. "ನಾನು ಮೇಲಕ್ಕೆ ಬರೆಯುತ್ತೇನೆ. ಏನಾಗುತ್ತೆ ಅಂತ ಮಾತು ಕೊಡಲಾರೆ."

ಆ ಏನಾಗುತ್ತೆ ಎಂಬುದಕ್ಕೆ ಏಳು ವಾರ ಹಿಡಿಯಿತು. ಅಷ್ಟರಲ್ಲಿ ಸುದ್ದಿ ಹೊಳೆನರಸೀಪುರಕ್ಕೆ ಮುಟ್ಟಿ, ತನ್ನ ಪತ್ರವನ್ನು ಸುಳ್ಳು ಮಾಡಿದಳೆಂದು ರಾಮಣ್ಣಗೌಡ ಸಿಡಿದ. ಅವಳನ್ನು ಇನ್ನು ಮನೆಯ ಹತ್ತಿರ ಸೇರಿಸಬಾರದೆಂದು ಹೇಳಿದನಂತೆ. ಜಗಲಿಯಿಂದ ಆಚೆಗೆ ಸೇರಿಸಿದ್ದು ಒಂದೇ ದಿನವಾದ್ದರಿಂದ ಮುದ್ದಮ್ಮನಿಗೆ ಇದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತಾಯಿ ಮಾತು ಬಿಟ್ಟಳು. ಇದು ಮಾತ್ರ ನೋಯಿಸಿತು. ಮುದ್ದಮ್ಮ ಸಂಬಳವನ್ನು ಖರ್ಚು ಮಾಡದೆ ಕೂಡಿಡತೊಡಗಿದಳು. ಕೆಲಸವಿಲ್ಲದ ಎಷ್ಟು ತಿಂಗಳಿಗೆ ಅದು ಸಾಕಾದೀತೆಂದು ದಾರಿಯಲ್ಲಿ ನಡೆಯುತ್ತಾ ಬೆರಳು ಮಡಿಸುತ್ತಿದ್ದಳು. ಮೂರಕ್ಕಿಂತ ಮುಂದೆ ಬೆರಳು ಹೋಗಲಿಲ್ಲ.

ಅಕ್ಟೋಬರಿನಲ್ಲಿ ಆಜ್ಞೆ ಬಂತು. ಕೃಷ್ಣಪ್ಪ ಕಿಟಕಿಯಿಂದ ಹೊರಗೆ ಬಂದು, ಅವಳ ಪಕ್ಕದಲ್ಲಿ ನಿಂತು ಓದಿದ. "ಕೆಲ್ಸ ಓಗಿಲ್ಲ! ಎರಡು ವರ್ಸದ ಇನ್‌ಕ್ರಿಮೆಂಟು ಕಟ್ ಮಾಡವ್ರೆ. ಚನ್ನರಾಯಪಟ್ಟಣಕ್ಕೆ ವರ್ಗ. ಆರು ದಿವ್ಸದೊಳ್ಗೆ ಅಲ್ಲಿ ಹಾಜ್ರಾಗ್ಬೇಕು."

"ಇನ್ನೇನು ಬರ್ದವ್ರೆ?"

"ಇನ್ನೇನು? ಅದೇ ಮಾಮೂಲಿ. ಸದರಿ ನೌಕರಳು ಸದರಿ ಮೊತ್ತವನ್ನು ತಾನೇ ಕೊಟ್ಟಿರುವುದು ಆಕೆಯ ಹೇಳಿಕೆಯಿಂದ ಸಾಬೀತಾಗಿದೆ ಅಂತ."

"ಇನ್ನೊಂದ್ ಸಲ ಓದಣ್ಣ ಅದ್ನ."

ಅವನು ಓದಿದ. ಅವಳು ಕಾಗದವನ್ನು ಇಸಿದುಕೊಂಡಳು. ನಿಂತ ಇನ್‌ಕ್ರಿಮೆಂಟಿನಿಂದ ಅವಳ ಸಂಬಳ ಕೊನೆಯವರೆಗೂ ಎರಡು ಹೆಜ್ಜೆ ಹಿಂದೆಯೇ ಉಳಿಯಿತು. 1967ರಲ್ಲಿ ಚನ್ನರಾಯಪಟ್ಟಣದಲ್ಲೇ ನಿವೃತ್ತಳಾದಾಗ ಪಿಂಚಣಿಯಲ್ಲೂ ಅದು ಕಡಿಮೆಯಾಗಿಯೇ ಬಂತು. ಅದರ ಬಗ್ಗೆ ಅವಳು ಅರ್ಜಿ ಹಾಕಲಿಲ್ಲ. ಅಣ್ಣನ ಮಕ್ಕಳಲ್ಲಿ ದೊಡ್ಡವನು ಸಾಲಗಾಮೆಯ ಶಾಲೆ ಮುಗಿಸಿ ಮಾಸ್ತರನಾದ. ತಾಯಿ ಒಂದು ವರ್ಷದ ಮೇಲೆ ಮಾತಾಡಿದಳು.

ಆ ದಿನ ಕೃಷ್ಣಪ್ಪ ಕೇಳಿದ್ದು ಬೇರೆ. "ಯಾವತ್ತು ಒರಡ್ತೀಯ? ಆರು ದಿವ್ಸ ಐತೆ. ಮದ್ದಾನ ಒಂದು ಬಸ್ಸು ಐತೆ ಅಂತಾರೆ, ನಿದಾನಕ್ಕೆ ಗಂಟು ಮೂಟೆ ಕಟ್ಕೊ."

ಪೇಟೆಯ ಆಚೆ ಬೀದಿಯ ಚಿಕ್ಕಲಕ್ಷ್ಮಮ್ಮನಿಗೆ ದಿನ ತುಂಬಿತ್ತು. ಮುದ್ದಮ್ಮ ಆ ಹೆರಿಗೆ ಮುಗಿಸಿ, ಬಾಣಂತಿಗೆ ಏನು ಕೊಡಬೇಕು ಏನು ಕೊಡಬಾರದು ಎಂದು ಅವಳ ಅತ್ತೆಗೆ ಎರಡು ಸಲ ಹೇಳಿ, ಮೂರನೆಯ ದಿನ ಹೊರಟಳು. ಮಧ್ಯಾಹ್ನದ ಬಸ್ಸಿಗೆ ಕಾಯಲಿಲ್ಲ, ಬೆಳಗಿನದಕ್ಕೇ ಹತ್ತಿದಳು. ಸೀಟು ಖಾಲಿ ಇತ್ತು. ಬಸ್ಸು ಬದಲಿಸಬೇಕಾದ ಹಾಸನದವರೆಗೂ ನಿಂತೇ ಹೋದಳು.